ಗುಳಿಗೆಯ ಜಾಡು ಹಿಡಿದು

ನಮ್ಮ ಮಾವನವರು ಬೀದರಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ವರ್ಷಕ್ಕೆ ಎರಡು ಬಾರಿ ಮಗಳ ಮನೆಗೆಂದು ಹೈದರಾಬಾದಿಗೆ ಬರುತ್ತಾರೆ. ಬರುವಾಗ ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಎರಡು ಧೋತರ, ಕನ್ನಡಕದ ಡಬ್ಬಿ, ಒಂದಿಷ್ಟು ತೊಗರಿಬೇಳೆ, ಎಲ್ಲಕ್ಕಿಂತ ಕೆಳಗೆ ರಬ್ಬರ್ ಬ್ಯಾಂಡು ಬಿಗಿದ ಡಾಕ್ಟರ ಚೀಟಿಗಳ ಕಟ್ಟು. ಆ ಕಟ್ಟನ್ನು ಅವರು ಬಿಚ್ಚಿದ್ದನ್ನು ನಾವು ಬಹಳ ದಿನ ನೋಡಿರಲಿಲ್ಲ. ಇದೆ ಎಂಬುದೇ ಅವರಿಗೊಂದು ಧೈರ್ಯವಾಗಿತ್ತೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಹೀಗೆ ಬಂದಾಗ ತಲೆನೋವೆಂದರು. ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದೊತ್ತಡ ಹೆಚ್ಚಾಗಿದೆಯೆಂದು ಅಲ್ಲಿಯವರು ಒಂದು ಗುಳಿಗೆ ಬರೆದುಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಎರಡೂ ಕಾಲು ಊದಿಕೊಂಡವು, ಎದ್ದು ನಿಂತರೆ ತಲೆ ಸುತ್ತತೊಡಗಿತು. ಒಂದು ಬೆಳಗಿನ ಜಾವ ಬಚ್ಚಲಮನೆಯ ಹೊಸ್ತಿಲಲ್ಲಿ ಬಿದ್ದು ಹಣೆಗೆ ಮೂರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ವೈದ್ಯರು ವಯಸ್ಸಾದವರು, ತಾಳ್ಮೆಯುಳ್ಳವರು. "ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಚೀಲದೊಡನೆ ತನ್ನಿ" ಎಂದರು. ತಂದು ಮೇಜಿನ ಮೇಲೆ ಸುರಿದೆವು. ಬೀದರಿನ ಡಾಕ್ಟರು ಮೊದಲೇ ಕೊಟ್ಟಿದ್ದ ಬಿ.ಪಿ. ಗುಳಿಗೆಯೂ ಅದರಲ್ಲಿತ್ತು. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ವೈದ್ಯರು ಕನ್ನಡಕ ಮೇಲೆತ್ತಿ ಎರಡು ಪಟ್ಟಿಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ನಮಗೆ ತೋರಿಸಿದರು. ಎರಡರಲ್ಲೂ ಇದ್ದದ್ದು ಅಮ್ಲೋಡಿಪಿನ್.

"ಬಿಳೀ ಗುಳಿಗಿ ಒಂದು, ಗುಲಾಬಿ ಗುಳಿಗಿ ಒಂದು, ಎರಡೂ ಬ್ಯಾರೆ ಅಂತ ತಿಳ್ಕೊಂಡಿದ್ದೆ" ಎಂದರು ಮಾವನವರು. ಅವರು ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರವನ್ನೇ ಓದಿ, ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ಸಣ್ಣ ಅಕ್ಷರಗಳನ್ನು ನೋಡಿಯೇ ಸಂಬಳ ಎಣಿಸಿದ ನಾವು ಆ ಪಟ್ಟಿಯನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಆ ದಿನ ಮನೆಯಲ್ಲಿ ನಮ್ಮಾಕೆಯ ಮುಖ ನೋಡಲು ನಮಗೆ ಸಂಕೋಚವಾಯಿತು.

ಬೀದರಿನ ಡಾಕ್ಟರಿಗೆ ತಿಳಿದದ್ದು ಹೈದರಾಬಾದಿನ ಡಾಕ್ಟರಿಗೆ ತಿಳಿಯದು. ನಡುವೆ ಇರುವುದು ರೋಗಿಯ ನೆನಪು, ಒಂದು ರಬ್ಬರ್ ಬ್ಯಾಂಡು. ಯಾರಿಗೆ ಯಾವ ಔಷಧ ಹೋಯಿತು, ಹೋದ ಮೇಲೆ ಏನಾಯಿತು ಎಂಬುದರ ಲೆಕ್ಕ ಇಡುವ ಪ್ರಯತ್ನ ಹಿಂದೆ ನಡೆದಿತ್ತೇ ಎಂದು ಆ ಮೇಲೆ ಹುಡುಕತೊಡಗಿದೆವು. ಹುಡುಕುತ್ತ ಹೋದರೆ ಎದುರಾದದ್ದು ನಮ್ಮದೇ ಊರು, ದಿನವೂ ಬಸ್ಸಿನಲ್ಲಿ ಹಾದುಹೋಗುವ ಅಫ್ಜಲ್‌ಗಂಜ್!

ಸರ್ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡ ಕಥೆ ಇಲ್ಲಿಯ ಶಾಲಾ ಮಕ್ಕಳಿಗೂ ಗೊತ್ತು. ಅದಕ್ಕೂ ಎಂಟು-ಹತ್ತು ವರ್ಷ ಮೊದಲೇ ಈ ಊರಿನ ಹೆಸರು ಲಂಡನ್ನಿನ ವೈದ್ಯ ಪತ್ರಿಕೆಗಳಲ್ಲಿ ಜಗಳದ ವಿಷಯವಾಗಿತ್ತೆಂಬುದನ್ನು ಬಲ್ಲವರು ಕಡಿಮೆ. ಆ ಜಗಳ ಕ್ಲೋರೊಫಾರಂ ಎಂಬ ಒಂದು ಔಷಧದ ಲೆಕ್ಕದ್ದು.

ಕ್ಲೋರೊಫಾರಂ ಬಳಕೆಗೆ ಬಂದದ್ದು 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಅವರಿಂದ. ಮೂರು ತಿಂಗಳು ತುಂಬುವ ಮೊದಲೇ, 1848ರ ಜನವರಿ 28ರಂದು, ಉತ್ತರ ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕುಳಿತವಳು ಅದರ ಆವಿಯಲ್ಲೇ ತೀರಿಕೊಂಡಳು. ಮುಂದೆ ಇಂಥ ಸಾವುಗಳು ಅಲ್ಲೊಂದು ಇಲ್ಲೊಂದು ಕೇಳಿಬರುತ್ತಲೇ ಹೋದವು. ಲಂಡನ್ನಿನ ಜಾನ್ ಸ್ನೋ (ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದವರು ಇವರೇ) ತಾವು ಅರಿವಳಿಕೆ ಕೊಟ್ಟ ರೋಗಿಗಳ ವಿವರವನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟರು. ಬೇರೆಡೆ ಆದ ಸಾವುಗಳ ವರದಿಗಳನ್ನೂ ಒಂದೊಂದಾಗಿ ಕಲೆಹಾಕಿ ಪರಿಶೀಲಿಸಿದರು. ಆ ಗ್ರಂಥ ಹೊರಬಂದದ್ದು 1858ರಲ್ಲಿ, ಅವರ ಮರಣದ ನಂತರ. ಔಷಧದ ಜಾಡು ಹಿಡಿಯುವ ವಿದ್ಯೆಗೆ ಓಂಕಾರ ಹಾಕಿದವರಲ್ಲಿ ಈತ ಒಬ್ಬರೆಂದು ನಾವು ತಿಳಿಯುತ್ತೇವೆ.

ಹೈದರಾಬಾದಿನಲ್ಲಿ ಆಗ ರೆಸಿಡೆನ್ಸಿಯ ಸರ್ಜನ್ ಆಗಿದ್ದವರು ಎಡ್ವರ್ಡ್ ಲಾರಿ. ವೈದ್ಯಶಾಲೆಯ ಮುಖ್ಯಸ್ಥರೂ ಅವರೇ. ಎಡಿನ್‌ಬರೋದ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರ ಶಿಷ್ಯರು. ಕ್ಲೋರೊಫಾರಂ ಕೊಡುವಾಗ ಉಸಿರಾಟವನ್ನು ಮಾತ್ರ ಗಮನಿಸಿ, ನಾಡಿಯ ಗೊಡವೆ ಬೇಡ ಎಂಬುದು ಗುರುವಿನ ಮತ. ಅದರಂತೆ ನಡೆದು ಸಹಸ್ರಾರು ಜನರಿಗೆ ಕ್ಲೋರೊಫಾರಂ ಕೊಟ್ಟರೂ ತಮ್ಮ ಕೈಯಲ್ಲಿ ಒಬ್ಬರೂ ಸಾಯಲಿಲ್ಲವೆಂದು ಲಾರಿಯವರ ಹೇಳಿಕೆ. ಇಂಗ್ಲೆಂಡಿನವರು ನಂಬಲಿಲ್ಲ. ಹೃದಯವೇ ನಿಂತು ಸತ್ತವರನ್ನು ಅವರು ಕಣ್ಣಾರೆ ಕಂಡಿದ್ದರು. 1888ರಲ್ಲಿ ಲಾರಿಯವರು ಇಲ್ಲಿಯ ಆಸ್ಪತ್ರೆಯಲ್ಲಿ ಒಂದು ಆಯೋಗ ರಚಿಸಿ ನಾಯಿಗಳ ಮೇಲೆ ಪ್ರಯೋಗ ಮಾಡಿಸಿದರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದಕ್ಕೂ ತಲೆದೂಗಲಿಲ್ಲ. ಆಗ ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಸರ್ಕಾರ ಒಂದು ಸಾವಿರ ಪೌಂಡು ಮುಂದಿಟ್ಟು, "ನಿಮ್ಮವರನ್ನೇ ಕಳುಹಿಸಿ ನೋಡಿ" ಎಂದಿತು. 1889ರಲ್ಲಿ ಬಂದವರು ಥಾಮಸ್ ಲಾಡರ್ ಬ್ರಂಟನ್, ಔಷಧಗಳ ವಿಷಯದಲ್ಲಿ ಅಂದಿನ ಇಂಗ್ಲೆಂಡಿನ ದೊಡ್ಡ ಹೆಸರು. ಬರುವಾಗ ಅವರು ಲಾರಿಯವರ ವಾದವನ್ನು ಒಪ್ಪಿದವರಾಗಿರಲಿಲ್ಲ. ನಾಯಿ, ಕೋತಿ, ಮೇಕೆ, ಮೊಲ, ಕುದುರೆಗಳೆಲ್ಲ ಸೇರಿ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಎಲ್ಲದರಲ್ಲೂ ಉಸಿರು ಮೊದಲು ನಿಂತಿತು, ಹೃದಯ ಆಮೇಲೆ. ಬ್ರಂಟನ್ ಮನಸ್ಸು ಬದಲಿಸಿದರು. ಹೈದರಾಬಾದ್ ಗೆದ್ದಿತೆಂದು ತಂತಿ ಹೋಯಿತು.

ಇಲ್ಲೊಂದು ಮಾತು. ಆ ಕಾಲದಲ್ಲಿ ಇಲ್ಲಿಯ ವೈದ್ಯಶಾಲೆಯಲ್ಲಿ ಕಲಿತು ಕ್ಲೋರೊಫಾರಂ ಕೊಡುವುದರಲ್ಲಿ ನುರಿತವರಾಗಿದ್ದ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯನ್ನು ಲೋಕದ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯೆಂದು ಗುರುತಿಸುವುದುಂಟು. ಅವರ ಹೆಸರಿನಲ್ಲಿ ಈ ಊರಿನಲ್ಲಿ ಒಂದು ರಸ್ತೆಯಿದ್ದರೆ ಚೆನ್ನಾಗಿತ್ತು.

ಗೆದ್ದದ್ದು ನಿಜ, ಆದರೆ ಉತ್ತರ ತಪ್ಪಾಗಿತ್ತು. 1911ರ ಹೊತ್ತಿಗೆ ಎ.ಜಿ. ಲೆವಿ ಎಂಬವರು ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳಿಂದ ವಿಷಯ ಸ್ಪಷ್ಟವಾಯಿತು. ಕ್ಲೋರೊಫಾರಂ ಸ್ವಲ್ಪವೇ ಒಳಗೆ ಹೋಗಿ, ಅರಿವು ಪೂರ್ತಿ ಹೋಗದೆ ಇರುವ ಸ್ಥಿತಿಯಲ್ಲಿ ಅಡ್ರಿನಲಿನ್ ಜಾಸ್ತಿಯಾದರೆ ಹೃದಯ ಲಯತಪ್ಪಿ ಅದುರಿ ಥಟ್ಟನೆ ನಿಂತುಬಿಡಬಹುದು. ಹೆದರಿದ ಮನುಷ್ಯನ ಮೈಯಲ್ಲಿ ಏರುವುದು ಅದೇ ಅಡ್ರಿನಲಿನ್. ಹ್ಯಾನಾ ಗ್ರೀನರಳೂ ಹೆದರಿ ಅಳುತ್ತ ಕುಳಿತವಳು. ಹೈದರಾಬಾದಿನ ಆಯೋಗ ಪ್ರಾಣಿಗಳಿಗೆ ಧಾರಾಳವಾಗಿ ಕ್ಲೋರೊಫಾರಂ ಕೊಟ್ಟು, ಹೆಚ್ಚಾದಾಗ ಯಾವುದು ಮೊದಲು ನಿಲ್ಲುತ್ತದೆ ಎಂದು ನೋಡಿತು. ಆ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸರಿಯೇ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು.

ಇನ್ನೂ ಒಂದು ಕಾರಣವಿದೆ, ಅದು ಗಣಿತದ್ದು. ಕ್ಲೋರೊಫಾರಂ ಸಾವು ನೂರಕ್ಕೊಂದಲ್ಲ, ಕೆಲವು ಸಾವಿರಕ್ಕೊಂದು. ಅಂಥ ಅಪರೂಪದ ಘಟನೆ ಒಬ್ಬ ವೈದ್ಯನ ಕಣ್ಣಿಗೆ ಬೀಳದೆಯೇ ಹೋಗಬಹುದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟರು ಹೇಳಿಕೊಟ್ಟ ಒಂದು ಸುಲಭ ಸೂತ್ರ ನಮಗೆ ಇನ್ನೂ ನೆನಪಿದೆ. ಸಾವಿರ ಮಂದಿಗೆ ಔಷಧ ಕೊಟ್ಟು ಒಂದೂ ಅನಾಹುತ ಕಾಣಲಿಲ್ಲವೆಂದರೆ ಅನಾಹುತವೇ ಇಲ್ಲವೆಂದಲ್ಲ. ಸಾವಿರಕ್ಕೆ ಮೂರರವರೆಗೂ ಇರಬಹುದು, ನಮ್ಮ ಅದೃಷ್ಟಕ್ಕೆ ಕಾಣಲಿಲ್ಲ, ಅಷ್ಟೆ. ಆದ್ದರಿಂದ ಔಷಧದ ನಿಜ ತಿಳಿಯಬೇಕಾದರೆ ಹಲವು ಊರುಗಳ, ಹಲವು ಆಸ್ಪತ್ರೆಗಳ ಲೆಕ್ಕ ಒಂದೆಡೆ ಸೇರಬೇಕು. ಕಾಗದದಲ್ಲಿ ಅದು ಎಷ್ಟು ಕಷ್ಟವೆಂಬುದನ್ನು ಗುಮಾಸ್ತರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಷ್ಟಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಪಶ್ಚಿಮ ಜರ್ಮನಿಯಲ್ಲಿ 1957ರಿಂದ ಮಾರಾಟವಾದ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಬಸುರಿಯರೂ ನುಂಗಿದರು. ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿದವು. ಕಾರಣ ಹೊರಬಿದ್ದದ್ದು 1961ರ ಕೊನೆಯಲ್ಲಿ, ಜರ್ಮನಿಯ ಲೆಂಜ್ ಮತ್ತು ಆಸ್ಟ್ರೇಲಿಯದ ಮ್ಯಾಕ್‌ಬ್ರೈಡ್ ಎಂಬ ವೈದ್ಯರಿಂದ. ಲೆಂಜ್ ತಾಯಂದಿರನ್ನು ಕಂಡು, "ಆ ತಿಂಗಳಲ್ಲಿ ಏನು ನುಂಗಿದ್ದಿರಿ?" ಎಂದು ಕೇಳಿ ಕೇಳಿ ತಿಳಿಯಬೇಕಾಯಿತು. ಆ ದುರಂತದ ನಂತರವೇ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದೇಶಗಳಿಂದ ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಕಲೆಹಾಕುವ ಏರ್ಪಾಡನ್ನು ಶುರುಮಾಡಿದ್ದು. ನಮ್ಮ ದೇಶದ ಈಗಿನ ಔಷಧ ಜಾಗರೂಕತಾ ಕಾರ್ಯಕ್ರಮ ಆರಂಭವಾದದ್ದು 2010ರಲ್ಲಿ.

ಈ ಏರ್ಪಾಡುಗಳೆಲ್ಲ ಒಬ್ಬ ವೈದ್ಯನಿಗೆ ಅನುಮಾನ ಬಂದು, ಅವನು ಕಾಗದ ಬರೆದರೆ ಮಾತ್ರ ನಡೆಯುವಂಥವು. ಬರೆಯದಿದ್ದರೆ ಇಲ್ಲ. ಗಣಕಯಂತ್ರದ ದಾಖಲೆಗಳು ಇದನ್ನು ಹೇಗೆ ಬದಲಿಸಿದವೆಂಬುದಕ್ಕೆ ವಯಾಕ್ಸ್ ಎಂಬ ನೋವಿನ ಗುಳಿಗೆಯ ಪ್ರಸಂಗ ಒಳ್ಳೆಯ ನಿದರ್ಶನ. ಅದು 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕೀಲುನೋವಿನವರಿಗೆ ಹೊಟ್ಟೆ ಕೆಡಿಸದ ಔಷಧವೆಂದು ಬಹಳ ಖರ್ಚಾಯಿತು. ಅದರಿಂದ ಹೃದಯಾಘಾತ ಹೆಚ್ಚುತ್ತದೆಯೇ ಎಂಬ ಅನುಮಾನ ಇತ್ತು. ಆದರೆ ಮುದುಕರಿಗೆ ಹೃದಯಾಘಾತ ಹೇಗೂ ಆಗುವಂಥದೇ, ಅದನ್ನು ಗುಳಿಗೆಯ ತಲೆಗೆ ಕಟ್ಟುವುದು ಹೇಗೆ? ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ ಸದಸ್ಯರಿಗೆ ಕೊಟ್ಟ ಗುಳಿಗೆ, ಆಸ್ಪತ್ರೆಗೆ ಸೇರಿದ ವಿವರ ಎಲ್ಲವೂ ಗಣಕಯಂತ್ರದಲ್ಲಿತ್ತು. ಸರ್ಕಾರದ ಔಷಧ ಇಲಾಖೆಯ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಸುಮಾರು 14 ಲಕ್ಷ ಸದಸ್ಯರ ದಾಖಲೆಗಳನ್ನು ಜಾಲಾಡಿದರು. ಹೆಚ್ಚಿನ ಪ್ರಮಾಣದಲ್ಲಿ ಆ ಗುಳಿಗೆ ನುಂಗಿದವರಲ್ಲಿ ಹೃದಯದ ಅಪಾಯ ಸುಮಾರು ಮೂರು ಪಟ್ಟು ಕಂಡಿತು. ಆ ಫಲಿತಾಂಶ 2004ರ ಆಗಸ್ಟಿನಲ್ಲಿ ಪ್ರಕಟವಾಯಿತು. ಬೇರೊಂದು ಪ್ರಯೋಗದಲ್ಲೂ ಅಪಾಯ ಕಂಡುಬಂದು, ಸೆಪ್ಟೆಂಬರ್ 30ರಂದು ಕಂಪನಿ ತಾನಾಗಿಯೇ ಗುಳಿಗೆಯನ್ನು ಹಿಂತೆಗೆದುಕೊಂಡಿತು. ನಮ್ಮ ದೇಶದಲ್ಲೂ ಆ ವರ್ಷದ ಕೊನೆಗೆ ಅದನ್ನು ನಿಷೇಧಿಸಿದರು. ಆದರೆ ಇಲ್ಲಿ ಅದನ್ನು ನುಂಗಿದವರು ಯಾರುಯಾರೆಂದು ಹುಡುಕಲು ಅಂಥ ದಾಖಲೆಯೇ ಇರಲಿಲ್ಲ.

ಇನ್ನು ಹೈದರಾಬಾದಿಗೆ ಮರಳೋಣ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ, ಅಂದರೆ ಸಿ.ಜಿ.ಎಚ್.ಎಸ್., 1954ರ ಜುಲೈ 1ರಂದು ದೆಹಲಿಯಲ್ಲಿ ಹುಟ್ಟಿ 1976ರಲ್ಲಿ ಹೈದರಾಬಾದಿಗೆ ಬಂತು. ಬೆಂಗಳೂರಿಗೂ ಬಂದದ್ದು ಅದೇ ವರ್ಷ. ನಮ್ಮ ಆಫೀಸಿನ ಹಿರಿಯರು ಆ ಕಾಲದ ಡಿಸ್ಪೆನ್ಸರಿಯನ್ನು ಈಗಲೂ ವರ್ಣಿಸುವುದುಂಟು: ಮನೆಮಂದಿಗೆಲ್ಲ ಸೇರಿ ಒಂದು ಕಾರ್ಡು, ಸರದಿಯ ಸಾಲು, ದಿನವಿಡೀ ಬರೆದು ಬೆರಳು ಸವೆದ ಫಾರ್ಮಸಿಸ್ಟು. 2005ರ ಸುಮಾರಿಗೆ ರಾಷ್ಟ್ರೀಯ ಮಾಹಿತಿ ಕೇಂದ್ರದವರು ಸಿದ್ಧಪಡಿಸಿದ ಗಣಕ ವ್ಯವಸ್ಥೆ ಬಂದಿತು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ, ಒಂದೊಂದು ಪ್ಲಾಸ್ಟಿಕ್ ಕಾರ್ಡು ಆಯಿತು. ಡಾಕ್ಟರು ಬರೆದದ್ದು ಔಷಧದ ಕಿಟಕಿಯಲ್ಲೂ ಪರದೆಯ ಮೇಲೆ ಕಾಣುತ್ತದೆ. ಸಂಗ್ರಹದಲ್ಲಿ ಇಲ್ಲದ್ದು ಇಂಡೆಂಟ್ ಆಗಿ ಹೊರಗಿನ ಅಂಗಡಿಯಿಂದ ಬರುತ್ತದೆ. ಆ ಹಳೆಯ ವ್ಯವಸ್ಥೆ ಇಪ್ಪತ್ತು ವರ್ಷ ದುಡಿದು 2025ರ ಏಪ್ರಿಲಿನಲ್ಲಿ ವಿಶ್ರಾಂತಿ ಪಡೆಯಿತು. ಬದಲಾವಣೆಗೆಂದು ಏಪ್ರಿಲ್ 26ರಂದು ಎಲ್ಲ ಕೇಂದ್ರಗಳ ದೈನಂದಿನ ಕೆಲಸ ನಿಲ್ಲಿಸಿ, 28ರಿಂದ ಸಿ-ಡ್ಯಾಕ್ ರೂಪಿಸಿದ ಹೊಸ ವ್ಯವಸ್ಥೆಯನ್ನು ತೆರೆದರು.

ಅವಿಭಜಿತ ಆಂಧ್ರ ಪ್ರದೇಶದ ಸರ್ಕಾರವೂ ಈ ದಾರಿಯಲ್ಲಿ ಬೇಗನೆ ಹೆಜ್ಜೆಯಿಟ್ಟಿತೆನ್ನಬೇಕು. 2007ರ ಏಪ್ರಿಲ್ 1ರಂದು ಮೂರು ಜಿಲ್ಲೆಗಳಲ್ಲಿ ಆರಂಭವಾದ ಆರೋಗ್ಯಶ್ರೀಯಲ್ಲಿ ಬಡ ರೋಗಿಯ ಶಸ್ತ್ರಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯುವುದರಿಂದ ಹಿಡಿದು ಎಲ್ಲವೂ ಗಣಕಯಂತ್ರದ ಮೂಲಕವೇ. 104 ಎಂಬ ಸಂಖ್ಯೆಯ ವಾಹನಗಳು ತಿಂಗಳಿಗೊಮ್ಮೆ ಗೊತ್ತಾದ ದಿನ ಹಳ್ಳಿಗೆ ಹೋಗಿ ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಗುಳಿಗೆ ಕೊಟ್ಟು ಬರುತ್ತಿದ್ದವು. ಅದನ್ನು ನಡೆಸುತ್ತಿದ್ದ ಸಂಸ್ಥೆಗೆ ಬೆನ್ನೆಲುಬಾಗಿದ್ದ ಸತ್ಯಂ ಕಂಪನಿಯ ಒಡೆಯರ ಹಗರಣ 2009ರ ಜನವರಿಯಲ್ಲಿ ಸ್ಫೋಟಿಸಿದ ಮೇಲೆ ಆ ಏರ್ಪಾಡು ಮೊದಲಿನ ರೂಪದಲ್ಲಿ ಉಳಿಯಲಿಲ್ಲ.

ಬಂಜಾರಾ ಹಿಲ್ಸಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯನ್ನು ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಸ್ಥಾಪಿಸಿದ್ದು 1987ರಲ್ಲಿ. ಇಲ್ಲಿ 'ಐಸ್ಮಾರ್ಟ್' ಎಂಬ ತಮ್ಮದೇ ಗಣಕ ದಾಖಲೆ ಪದ್ಧತಿಯನ್ನು ಕಟ್ಟಿಕೊಂಡಿದ್ದಾರೆ. ದೂರದ ಹಳ್ಳಿಯ ಕಣ್ಣಿನ ಕೇಂದ್ರದಲ್ಲಿ ತೋರಿಸಿಕೊಂಡವನು ಹೈದರಾಬಾದಿಗೆ ಬಂದರೆ ಅವನ ಹಿಂದಿನ ವಿವರ ಮೊದಲೇ ಅಲ್ಲಿರುತ್ತದೆ. ಕಣ್ಣಿನ ವಿಷಯದಲ್ಲಿ ಇದರ ಬೆಲೆ ದೊಡ್ಡದು. ಕಣ್ಣು ಕೆರೆತಕ್ಕೆಂದು ಒಮ್ಮೆ ಬರೆದುಕೊಟ್ಟ ಸ್ಟೆರಾಯ್ಡ್ ಹನಿಯನ್ನು ತಾಯಿತಂದೆಯರು ಅಂಗಡಿಯಿಂದ ತಾವೇ ತಂದು ಮಗುವಿಗೆ ತಿಂಗಳುಗಟ್ಟಲೆ ಹಾಕುತ್ತಾರೆ. ಕೆರೆತ ಹೋಗುತ್ತದೆ, ಒಳಗೆ ಒತ್ತಡ ಏರಿ ಗ್ಲಾಕೋಮಾದಿಂದ ದೃಷ್ಟಿಯೂ ಹೋಗಬಹುದು. ಯಾವ ಹನಿ, ಎಂದಿನಿಂದ ಎಂಬುದು ಬರಹದಲ್ಲಿದ್ದರೆ ಮಾತ್ರ ವೈದ್ಯರಿಗೆ ಕಾರಣ ಹೊಳೆಯುವುದು. "ಅದೇ ಸಾರ್, ಸಣ್ಣ ಬಾಟಲಿ" ಎಂದರೆ ಏನು ತಿಳಿದೀತು!

ಆದರೆ ಈ ಮಗುವಿನ ಹನಿ ಬಂದದ್ದು ಆಸ್ಪತ್ರೆಯ ಕಿಟಕಿಯಿಂದಲ್ಲ, ಬೀದಿಯ ಅಂಗಡಿಯಿಂದ. ಸಮಸ್ಯೆಯ ಬೇರು ಇರುವುದು ಇಲ್ಲಿಯೇ. ಕೇಂದ್ರ ಸರ್ಕಾರ 2014ರ ಮಾರ್ಚ್ 1ರಿಂದ ಎಚ್-1 ಎಂಬ ಅನುಸೂಚಿಯನ್ನು ಜಾರಿಗೆ ತಂದಿತು. ಕೆಲವು ಬಲವಾದ ಆಂಟಿಬಯಾಟಿಕ್, ಕ್ಷಯರೋಗದ ಔಷಧ, ನಿದ್ರೆಯ ಗುಳಿಗೆಗಳನ್ನು ಮಾರಿದಾಗ ಅಂಗಡಿಯವನು ವೈದ್ಯನ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಒಳ್ಳೆಯ ನಿಯಮ. ಆದರೆ ಒಂದು ಅಂಗಡಿಯ ರಿಜಿಸ್ಟರು ಪಕ್ಕದ ಅಂಗಡಿಯ ರಿಜಿಸ್ಟರಿನೊಡನೆ ಮಾತನಾಡುವುದಿಲ್ಲ. ಅಮ್ಲೋಡಿಪಿನ್ ಅಂತೂ ಆ ಪಟ್ಟಿಗೇ ಸೇರಿದ್ದಲ್ಲ.

ಈ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ಹಂಬಲದಿಂದ ಬಂದದ್ದು ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಯೋಜನೆ. ಅದನ್ನು 2020ರ ಆಗಸ್ಟ್ 15ರಂದು ಘೋಷಿಸಿ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂದು ದೇಶಕ್ಕೆಲ್ಲ ವಿಸ್ತರಿಸಿದರು. ಬೇಕೆಂದವರಿಗೆ ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆ, ಅದೇ 'ಆಭಾ'. ರೋಗಿ ಒಪ್ಪಿದರೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡಬಹುದು. ಮಾವನವರಿಗೂ ಮಾಡಿಸಿದೆವು. ಅವರ ಮೊದಲ ಪ್ರಶ್ನೆ: "ನನ್ನ ಜಡ್ಡು ಯಾರ್ಯಾರಿಗೆ ಕಾಣ್ತದ?" ಮೇಷ್ಟರ ಪ್ರಶ್ನೆ ಸಣ್ಣದಲ್ಲ. ಕ್ಷಯ, ಮಾನಸಿಕ ಕಾಯಿಲೆ, ಎಚ್.ಐ.ವಿ. ಇಂಥವುಗಳ ಗುಳಿಗೆಯ ಹೆಸರು ಹೊರಬಿದ್ದರೆ ಮದುವೆ ಮುರಿದೀತು, ಕೆಲಸ ಹೋದೀತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಒಂದು ಕಾಯಿದೆ ಆಗಿದೆ. ಕಾಯಿದೆ ಪುಸ್ತಕದಲ್ಲಿರುವುದಕ್ಕೂ ಕೌಂಟರಿನಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ನಾವು ಬಲ್ಲೆವು.

ಇನ್ನೊಂದು ಗುಮಾಸ್ತಗಿರಿಯ ಮಾತು. ದಾಖಲೆಯಲ್ಲಿ 'ಕೊಡಲಾಯಿತು' ಎಂದಿದ್ದರೆ 'ನುಂಗಲಾಯಿತು' ಎಂದು ಅರ್ಥವಲ್ಲ. ಇದನ್ನು ಹಿಡಿಯಲು ಬೆಂಗಳೂರಿನ ಕೆಲವು ಸಂಶೋಧಕರು ಒಂದು ಚತುರ ಉಪಾಯ ಹೂಡಿದ್ದರು, 99ಡಾಟ್ಸ್ ಎಂದು ಅದರ ಹೆಸರು. ಕ್ಷಯದ ಗುಳಿಗೆಯ ಪಟ್ಟಿಗೆ ರಟ್ಟಿನ ಹೊದಿಕೆ. ಗುಳಿಗೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಒಂದು ಫೋನ್ ಸಂಖ್ಯೆ ಹೊರಬೀಳುತ್ತದೆ. ರೋಗಿ ಅದಕ್ಕೆ ಪುಕ್ಕಟೆ ಕರೆ ಮಾಡಿದರೆ ಆ ದಿನದ ಗುಳಿಗೆ ತೆಗೆದುಕೊಂಡನೆಂದು ಗಣಕಯಂತ್ರದಲ್ಲಿ ದಾಖಲಾಗುತ್ತದೆ. ಆದರೆ ಮುಂದೆ ಮೂತ್ರಪರೀಕ್ಷೆಯೊಡನೆ ತಾಳೆ ನೋಡಿದಾಗ ಕರೆಗೂ ಗುಳಿಗೆಗೂ ಎಲ್ಲ ಕಾಲಕ್ಕೂ ಹೊಂದಿಕೆಯಾಗಲಿಲ್ಲ. ನುಂಗಿಯೂ ಕರೆ ಮಾಡದವರಿದ್ದರು, ಕರೆ ಮಾಡಿಯೂ ನುಂಗದವರಿದ್ದರು. ನಮ್ಮ ಆಫೀಸಿನ ಹಾಜರಿ ಪುಸ್ತಕ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆದರೂ ಮಾವನವರ ಹಣೆಯ ಮೇಲಿನ ಗುರುತನ್ನು ಕಂಡಾಗಲೆಲ್ಲ, ಬೀದರಿನ ಆ ಚೀಟಿ ಹೈದರಾಬಾದಿನ ಪರದೆಯ ಮೇಲೆ ಕಂಡಿದ್ದರೆ ಎಂದು ಅನಿಸದಿರುವುದಿಲ್ಲ. ಅವೆರಡರ ನಡುವೆ ಇರುವುದು ನೂರೈವತ್ತು ಕಿಲೋಮೀಟರೂ ಅಲ್ಲ. 1956ರ ನವೆಂಬರ್ ಒಂದರವರೆಗೆ ಎರಡೂ ಊರು ಒಂದೇ ರಾಜ್ಯದಲ್ಲಿದ್ದವು. ಕಾಚಿಗೂಡದಲ್ಲಿ ಇಳಿದು ಆಸ್ಪತ್ರೆಗೆ ಬರುವ ನಮ್ಮ ಗಡಿಭಾಗದ ಜನ ಇವತ್ತಿಗೂ ಎಷ್ಟೋ ಮಂದಿ. ಅವರ ಕೈಯಲ್ಲಿ ಕನ್ನಡ ನಾಡಿನ ಡಾಕ್ಟರ ಚೀಟಿ, ಎದುರಿಗೆ ತೆಲುಗು ಮಾತನಾಡುವ ಡಾಕ್ಟರು. ಪರದೆಗೆ ಈ ಗಡಿ ಇಲ್ಲದಿದ್ದರೆ ಅವರಿಗೆ ಆಗುವ ಅನುಕೂಲ ಅಷ್ಟಿಷ್ಟಲ್ಲ.

ಮಾವನವರು ಮಾತ್ರ ತಮ್ಮದೇ ಏರ್ಪಾಡು ಮಾಡಿಕೊಂಡಿದ್ದಾರೆ. ಕೈಗೆ ಹೊಲಿಗೆಯ ನೋಟುಪುಸ್ತಕವೊಂದನ್ನು ಗೆರೆ ಎಳೆದು ನಾಲ್ಕು ಕಲಮು ಮಾಡಿದ್ದಾರೆ: ಗುಳಿಗೆಯ ಅಂಗಡಿ ಹೆಸರು, ಒಳಗಿನ ಮದ್ದಿನ ಹೆಸರು, ಕೊಟ್ಟವರು, ಶುರುವಾದ ದಿನ. ಎಲ್ಲವೂ ಮೇಷ್ಟರ ದುಂಡಗಿನ ಕನ್ನಡ ಅಕ್ಷರದಲ್ಲಿ. ಎರಡನೆಯ ಕಲಮನ್ನು ತುಂಬುವ ಕೆಲಸ ನಮ್ಮದು. ಹೊಸ ಗುಳಿಗೆ ಬಂದ ದಿನ ಬೀದರಿನಿಂದ ಫೋನು ಬರುತ್ತದೆ. ಅವರು ಪಟ್ಟಿಯ ಬೆನ್ನಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾರೆ, ನಾವು ಕೂಡಿಸಿ ಹೇಳುತ್ತೇವೆ. ಹೋದ ತಿಂಗಳು ಹೀಗೆಯೇ ಓದುತ್ತಿದ್ದವರು ನಡುವೆ ನಿಂತು, "ತಡೀರಿ, ಇದು ನಾಲ್ಕನೇ ಪುಟದಾಗ ಮೊದಲs ಅದ" ಎಂದರು.